ಗೋಡೆ ಹಾರಿದ ಹೋರಿಯ ಕರು

ಕ್ಲೇರ್, ಮಾರ್ಚ್ ೯

ಮಲಾಕಿ ಅಣ್ಣನಿಗೆ,

ಅಮ್ಮನನ್ನು ಮಣ್ಣು ಮಾಡಿದ ದಿನದಿಂದ ನಾವು ಮಾತಾಡಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ಬೇಸಿಗೆಯಲ್ಲಿ ನಿನ್ನ ಕರಿ ಹೋರಿ ಗಡಿಗೋಡೆ ಹಾರಿ ನನ್ನ ಹುಲ್ಲುಗಾವಲಿಗೆ ಬಂದಿತ್ತು. ಸಿಟ್ಟಿನಲ್ಲಿ ಅಟ್ಟಿದೆನೇ ಹೊರತು ನಿನಗೆ ಹೇಳಿ ಕಳಿಸಲಿಲ್ಲ. ಈಗ ನನ್ನ ಕೆಂದ ಹಸುವಿಗೆ ಅದರದ್ದೇ ಗಂಡು ಕರು ಹುಟ್ಟಿದೆ.

ದನದ ಡಾಕ್ಟರ್ ಬ್ರೀಡಾ ಕರುವಿನ ಕಿವಿಯ ಚೂರೊಂದನ್ನು ಪರೀಕ್ಷೆಗೆ ಕಳಿಸಿದ್ದಳು. ಬೆಳೆದ ಮೇಲೆ ಮಾಂಸ ಎಷ್ಟು ಮೆತ್ತಗಿರುತ್ತದೆ ಎಂಬುದು ವಂಶವಾಹಿಯ ಗುರುತುಗಳಿಂದ ಈಗಲೇ ತಿಳಿಯುತ್ತದಂತೆ. ನಿನ್ನೆ ಅವಳೇ ಬಂದು ಹೇಳಿದಳು:

"ಇಷ್ಟು ಒಳ್ಳೇ ಗುರುತು ನಾನು ನೋಡೇ ಇಲ್ಲ ಡಿಂಪ್ನಕ್ಕ. ಹೀಗೆ ಪೂರ್ತಿ ಬರ್ಬೇಕಾದ್ರೆ ತಾಯಿ ಕಡೆಯಿಂದ್ಲೂ ಬರ್ಬೇಕು, ತಂದೆ ಕಡೆಯಿಂದ್ಲೂ ಬರ್ಬೇಕು. ಹೋರಿ ಯಾರ್ದು?"

"ಪಕ್ಕದ್ಮನೆ ಮೊಂಡಂದು," ಅಂದೆ.

"ಮಲಾಕಿಯಣ್ಣಂದಾ? ಹಾಗಾದ್ರೆ ಎರಡೂ ನಿಮ್ಮಪ್ಪನ ಮಂದೆ ತಳಿನೇ ಅಲ್ವಾ," ಅಂದಳು.

ಅವಳು ಹೋದ ಮೇಲೆ ಹಸುವಿಗೆ ಹುಲ್ಲು ಹಾಕುವಾಗ ಹೊಳೆಯಿತು: ನಾವಿಬ್ಬರೂ ಜಗಳವಾಡಿ ಅಪ್ಪನ ದನಗಳನ್ನು ಹಂಚಿಕೊಂಡಾಗ ಈ ಗುಣವೂ ಎರಡು ಪಾಲಾಗಿ ಹೋಗಿತ್ತು.

ಕರುವನ್ನು ಕಸಾಯಿಗೆ ಕೊಡುವುದಿಲ್ಲ, ಬೀಜದ ಹೋರಿಯಾಗಿ ಬೆಳೆಸುತ್ತೇನೆ. ಅದು ನಿನ್ನದೂ ಹೌದು. ಭಾನುವಾರ ಚರ್ಚು ಮುಗಿಸಿ ಊಟಕ್ಕೆ ಬಾ; ಹಂದಿಮಾಂಸ, ಎಲೆಕೋಸು ಬೇಯಿಸಿಟ್ಟಿರುತ್ತೇನೆ.

ಕರು ಯಾರ ಕೈಗೂ ಸಿಗುತ್ತಿಲ್ಲ. ಅಪ್ಪ ನಾಲಿಗೆ ಲೊಚಗುಟ್ಟಿದರೆ ಎಂಥ ಕರುವೂ ಓಡಿ ಬರುತ್ತಿತ್ತಲ್ಲ, ಆ ಕರೆ ಅಪ್ಪನಿಂದ ನಿನಗೊಬ್ಬನಿಗೇ ಬಂದಿದೆ. ಬಂದು ಒಮ್ಮೆ ಕರೆ.

ನಿನ್ನ ತಂಗಿ,
ಡಿಂಪ್ನಾ