ಕೈ ಕಪ್ಪಾದವರ ಊಟ

ಶ್ರೀಲಂಕಾ ಕಡಲತೀರ
ಆಗಸ್ಟ್ 2003

ಗಾವಡಗೆರೆಯ ಅಕ್ಕ ಪುಟ್ಟತಾಯಮ್ಮನಿಗೆ ತಮ್ಮ ಚೆಲುವರಾಜುವಿನ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನಮ್ಮ ಕರಾವಳಿ ಕಾವಲು ಪಡೆಯ ಹಡಗು ಈಗ ಇಲ್ಲಿದೆ. ಯಾವುದೋ ಸರಕಿನ ಹಡಗು ಒಡೆದು ಕಡಲಿಗೆ ಎಣ್ಣೆ ಸುರಿದಿದೆ. ಇವತ್ತು ಇವರ ದಡಕ್ಕೆ ಬಂದದ್ದು ನಾಳೆ ನಮ್ಮ ದಡಕ್ಕೂ ಬರುತ್ತದೆಂದು ಎರಡೂ ದೇಶದವರು ಸೇರಿ ಅದನ್ನು ಬಳಿದು ತೆಗೆಯುತ್ತಿದ್ದೇವೆ. ಮಾಲ್ಡೀವ್ಸಿನವರೂ ಬಂದಿದ್ದಾರೆ. ಕನ್ನಡ ಬಲ್ಲವರು ಒಬ್ಬರೂ ಇಲ್ಲ. ಮಾತಿಲ್ಲದೆ ದಿನ ಕಳೆಯುವುದು ಅಭ್ಯಾಸವಾಗಿದೆ.

ಈ ಎಣ್ಣೆಯೂ ನಮ್ಮ ಹೊಗೆಸೊಪ್ಪಿನ ಅಂಟಿನ ಹಾಗೇ ಕಣಕ್ಕ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನಿನ್ನೆ ಮಧ್ಯಾಹ್ನ ಇಲ್ಲಿಯ ನಿಮಲ್ ಎಂಬುವನು ಅನ್ನದ ಪೊಟ್ಟಣ ಹಂಚುತ್ತಾ ಬಂದ. ನಾನು ಎಲ್ಲಿದ್ದೇನೆಂಬುದೇ ಮರೆತು, ಕಪ್ಪು ಕೈಗಳನ್ನು ಹಿಂದೆ ಕಟ್ಟಿಕೊಂಡು ಅವನ ಮುಂದೆ ಬಾಯಿ ತೆರೆದುಬಿಟ್ಟೆ. ನಾನು ಸೊಪ್ಪು ಕೀಳುವಾಗ ನೀನು ಹೊಲಕ್ಕೇ ಬುತ್ತಿ ತಂದು, "ಕೈಯೆಲ್ಲಾ ಕಹಿ ಕಣ್ಲಾ, ಬಾಯಿ ಬುಡು" ಅಂತ ಮುದ್ದೆ ಮುರಿದು ಇಡುತ್ತಿದ್ದೆಯಲ್ಲ, ಹಾಗೆ.

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಅಲ್ಲೇ ಕೂತು ಅನ್ನ ಕಲೆಸಿ, ಪೊಟ್ಟಣ ಮುಗಿಯುವವರೆಗೂ ತುತ್ತು ಮಾಡಿ ಬಾಯಿಗಿಟ್ಟ. ಇಲ್ಲಿಯ ಸಾರು ಬಹಳ ಖಾರ, ಕಣ್ಣಲ್ಲಿ ನೀರು ಬಂತು.

ಈ ವರ್ಷ ಸೊಪ್ಪು ನೀನೊಬ್ಬಳೇ ಕೀಳುತ್ತಿದ್ದೀಯಂತೆ. ಕೈ ಕಹಿಯೆಂದು ಸಂಜೆಯವರೆಗೂ ಹಸಿದುಕೊಂಡಿರುತ್ತೀಯ, ನನಗೆ ಗೊತ್ತು. ಪಕ್ಕದ ಹೊಲದ ಸೋಮಮ್ಮನನ್ನು ಕೂಗು. ನಾಚಿಕೊಳ್ಳದೆ ಬಾಯಿ ಬುಡಕ್ಕ.

ನಿನ್ನ ತಮ್ಮ,
ಚೆಲುವ