ಆಯುಧಪೂಜೆಯ ಕೆಂಪು ಬಟ್ಟೆ

ತಾಂಬರಂ, ಮದರಾಸು
8-11-1978

ಪ್ರೀತಿಯ ನಾಗಮಣಿ ಅಕ್ಕನಿಗೆ,

ನಿನ್ನ ತಂಗಿ ಸರಸ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ಬಾರದೆ ಪೆನ್ನು ಎತ್ತಿ ಎತ್ತಿ ಇಟ್ಟೆ. ಅದಕ್ಕೇ ಇಷ್ಟು ತಡ, ಬೈಯಬೇಡ. ನಿನ್ನ ಮಗಳು ಬೇಬಿ ಹೇಗಿದ್ದಾಳೆ? ಎರಡು ಕಳಕೊಂಡ ಮೇಲೆ ಅವಳ ಮಡಿಲಿಗೆ ಬಂದ ಕೂಸು, ಈಗ ಕವುಚಿ ಬೀಳುತ್ತಿರಬೇಕು. ಅನ್ನಪ್ರಾಶನಕ್ಕೆ ಬರುತ್ತೇವೆ ಎಂದು ಬಾಯಿ ತುಂಬ ಹೇಳಿದ್ದೆ. ಬರಲಾಗುವುದಿಲ್ಲ ಅಕ್ಕ.

ಅದು ಇದು ಬರೆದು ತೇಲಿಸುವುದು ಬೇಡ. ಇವರನ್ನು ಸಸ್ಪೆಂಡ್ ಮಾಡಿದ್ದಾರೆ.

ಆಯುಧಪೂಜೆಯ ದಿನ ನಿನ್ನನ್ನೂ ಕರೆದುಕೊಂಡು ಇವರ ವಿಮಾನದ ಶೆಡ್ಡಿಗೆ ಹೋಗಿದ್ದೆವಲ್ಲ? ಸಾಮಾನು ಸಾಗಿಸುವ ಆ ವಿಮಾನಕ್ಕೆ ಮಾವಿನೆಲೆ, ಚೆಂಡುಹೂವು, ಬಣ್ಣದ ಕಾಗದ. "ಮದುಮಗಳ ಹಾಗೆ ಉಂಟಲ್ಲ ಮಾರಾಯ್ತಿ" ಎಂದು ನೀನು ನಕ್ಕಿದ್ದೆ. ಪೂಜೆಗೆ ಮೊದಲು ಇವರು ಅದರ ಹೊಟ್ಟೆಯ ಒಂದು ತಗಡು ಬಿಚ್ಚಿ ಒಳಗೆ ರಿಪೇರಿ ಮಾಡಿದ್ದರು. ತಿರುಗಿ ಮುಚ್ಚುವಾಗ ಮೂಲೆಗಳಿಗಷ್ಟೇ ಸ್ಕ್ರೂ ಹಾಕಿ ಆಗಿತ್ತು, ಸ್ಕ್ರೂಡ್ರೈವರು ಸ್ಪ್ಯಾನರು ಎಲ್ಲ ಪೂಜೆಗೆ ತನ್ನಿ ಎಂದು ಕರೆ ಬಂತು. ಕುಂಕುಮ ಬಿದ್ದ ಹತ್ಯಾರನ್ನು ಮರುದಿನದವರೆಗೆ ಯಾರೂ ಮುಟ್ಟುವುದಿಲ್ಲ. ಕೆಲಸ ಬಾಕಿ ಇದ್ದ ಜಾಗಕ್ಕೆ ಕೆಂಪು ಬಟ್ಟೆ ಕಟ್ಟಿಡುವುದು ಅಲ್ಲಿಯ ಪದ್ಧತಿ. ಹಾಗೇ ಕಟ್ಟಿ ಬಂದೆ ಎನ್ನುತ್ತಾರೆ ಇವರು.

ಮರುದಿನ ಬೆಳಗಿನ ಪಾಳಿಯವರು ಹೂವು, ಕಾಗದ ತೆಗೆದರು. ಕೆಂಪು ಬಟ್ಟೆ ಎಲ್ಲೂ ಕಾಣಲಿಲ್ಲ, ಕೆಲಸ ಮುಗಿದಿದೆ ಎಂದು ವಿಮಾನ ಬಿಟ್ಟರು. ಮಧ್ಯಾಹ್ನದ ಪಾಳಿಗೆ ಇವರು ಹೋಗುವಷ್ಟರಲ್ಲಿ ತಗಡು ಆಕಾಶದಲ್ಲೇ ಕಿತ್ತುಹೋಗಿ ವಿಮಾನ ವಾಪಸು ಬಂದಿತ್ತು. ಒಳಗಿದ್ದವರಿಗೆ ಏನೂ ಆಗಲಿಲ್ಲ. ತಗಡು ಪಲ್ಲಾವರದ ಆಚೆ ಒಂದು ಗುಡಿಸಲಿನ ಮೇಲೆ ಬಿದ್ದಿದೆ. ಆ ಮನೆಯಾಕೆ ಮಕ್ಕಳನ್ನು ಕಟ್ಟಿಕೊಂಡು ನೀರಿಗೆ ಹೋಗಿದ್ದಳಂತೆ, ದೇವರು ದೊಡ್ಡವನು. ಇವರು ಆ ಮುರಿದ ಸೂರು ನೋಡಿ ಬಂದವರು ಆ ದಿನ ಅನ್ನ ಮುಟ್ಟಲಿಲ್ಲ.

ಫೋರ್‌ಮನ್ ಹರಿದಾಸರು ಮನೆಗೇ ಬಂದಿದ್ದರು. "ಬಟ್ಟೆ ಎಲ್ಲಿ ಮಧ್ವರಾಜ? ಅದೊಂದು ತೋರಿಸು, ನಾನೇ ನಿನ್ನ ಪರ ನಿಲ್ತೇನೆ" ಎಂದರು. ಇವರು ಅವರನ್ನು ಗೇಟಿನವರೆಗೆ ಬಿಟ್ಟು ಬಂದರು. ವಿಚಾರಣೆಯಲ್ಲಿ 'ಕಟ್ಟಲು ಮರೆತೆ' ಎಂದುಬಿಡುತ್ತಾರಂತೆ! ಮರೆಯುವ ಜನವೇ ಇವರು? ಬೀಗ ಹಾಕಿದ ಮೇಲೂ ಎಳೆದೆಳೆದು ನೋಡಿ ನನ್ನ ತಲೆ ತಿನ್ನುವವರು.

ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೂ ಹೋಗುವ ಹಾಗಿಲ್ಲ, ಊರೂ ಬಿಡುವ ಹಾಗಿಲ್ಲ. ಮನೆ ಓನರಮ್ಮನ ಕಣ್ಣಿಗೆ ಹೆದರಿ ಬೆಳಿಗ್ಗೆ ಬುತ್ತಿ ಹಿಡಿದು ಎಲೆಕ್ಟ್ರಿಕ್ ರೈಲು ಹತ್ತುತ್ತಾರೆ. ತ್ರಿಪ್ಲಿಕೇನಿನಲ್ಲಿ ನಮ್ಮ ಕಿಟ್ಟಣ್ಣನ ಮೆಸ್ಸಿನ ಮೂಲೆಯಲ್ಲಿ ಕೂತಿದ್ದು ಸಂಜೆ ಬರುತ್ತಾರೆ. ಭಾನುವಾರ ಇನ್ನೂ ಕಷ್ಟ. ವಿಮಾನದ ಸದ್ದಾದರೆ ಸಾಕು, ಊಟದ ಕೈಯಲ್ಲೇ ಅಂಗಳಕ್ಕೆ ಓಡಿ ಅದರ ಹೊಟ್ಟೆ ನೋಡುತ್ತಾರೆ. "ಅಪ್ಪಾ ಏಮ್ಮಾ ಪೇಸಮಾಟ್ಟೇಂಗ್ರಾರು?" ಎಂದು ನಮ್ಮ ರಮೇಶ ತಮಿಳಿನಲ್ಲೇ ಕೇಳುತ್ತಾನೆ. ಅಪ್ಪ ಯಾಕೆ ಮಾತಾಡುವುದಿಲ್ಲ ಎಂದು ನಾನು ಯಾವ ಭಾಷೆಯಲ್ಲಿ ಹೇಳಲಿ? ನನಗಂತೂ ಈ ಎರಡು ಕೋಣೆಯಲ್ಲಿ ಉಸಿರು ಕಟ್ಟುತ್ತದೆ ಅಕ್ಕ. ಯಾವ ಬಾಗಿಲು ತೆರೆದರೂ ಯಾರಿಗಾದರೂ ತಾಗುತ್ತದೆ.

ನೀನು ನೋವು ಮಾಡಿಕೊಳ್ಳಬೇಡ. ಬೇಬಿಗೆ ಎಣ್ಣೆ ಸ್ನಾನ ತಪ್ಪಿಸಬೇಡ. ಮಗುವಿಗೆ ನಮ್ಮೆಲ್ಲರ ಆಶೀರ್ವಾದ, ನೂರು ವರ್ಷ ಬಾಳಲಿ.

ನಿನ್ನ ತಂಗಿ,
ಸರಸ

ವಿ.ಸೂ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅಕ್ಕಾ, ಪೂಜೆಯ ಸಂಜೆ ನೀನು ಊರಿಗೆ ಹೊರಟಾಗ ರೈಲಿನ ಕಿಟಕಿಯಿಂದ ನನಗೊಂದು ಕೆಂಪು ಬಟ್ಟೆ ತೋರಿಸಿದೆ. "ವಿಮಾನಕ್ಕೆ ಕಟ್ಟಿದ್ದು, ದೇವರ ಪ್ರಸಾದ ಅಲ್ವಾ, ಬಿಚ್ಚಿ ತಂದೆ. ಮಗುವಿನ ತೊಟ್ಟಿಲಿಗೆ ಕಟ್ತೇನೆ" ಅಂದೆ. ನನಗೆ ಆಗ ಏನೂ ಹೊಳೆಯಲಿಲ್ಲ. ಎಲ್ಲ ಆದ ಮೇಲೆ ಇವರಿಗೆ ಹೇಳಿದೆ. "ಅಕ್ಕನಿಗೆ ಬರೆದರೆ ನನ್ನಾಣೆ. ನಾಳೆ ಆ ಮಗುವಿಗೆ ಒಂದು ಜ್ವರ ಬಂದ್ರೂ ತೊಟ್ಟಿಲ ಬಟ್ಟೆ ಬಿಚ್ಚಿದ್ದಕ್ಕೇ ಅಂತ ಬೇಬಿ ಅಳ್ತಾಳೆ. ನಮಗೆ ಅದು ಬೇಡ" ಎಂದರು.

ಆಣೆ ಮುರಿದಿದ್ದೇನೆ. ಬಟ್ಟೆಯ ಅಂಚಿನಲ್ಲಿ ಕಪ್ಪು ಇಂಗ್ಲಿಷ್ ಅಕ್ಷರ ಇದ್ದರೆ ಅದು ಶೆಡ್ಡಿನ ಗುರುತು. ವಿಚಾರಣೆ ಈ ತಿಂಗಳ ಕೊನೆಗೆ. ಕಳಿಸು ಎನ್ನಲು ಬಾಯಿ ಬರುವುದಿಲ್ಲ, ಕಳಿಸಬೇಡ ಎನ್ನಲೂ ಬರುವುದಿಲ್ಲ. ಬಿಚ್ಚುವುದಾದರೆ, ಮೊದಲು ಬೇರೊಂದು ಕೆಂಪು ಬಟ್ಟೆ ಕಟ್ಟಿ ಆಮೇಲೆ ಬಿಚ್ಚು. ತೊಟ್ಟಿಲು ಒಂದು ಗಳಿಗೆಯೂ ಬರಿದಾಗಿರುವುದು ಬೇಡ.