ಭರಣಿಯ ಹಣ್ಣು

ಜೂನ್ 4, ಸಂಜೆ
ಮನೆಮನೆಯ ಬಿಪಿ ತಪಾಸಣೆ, ಇವತ್ತು ಹನ್ನೊಂದು ಮನೆ. ಬಿಪಿ ಮೆಷಿನ್ನಿನ ಪಟ್ಟಿ ಸವೆದಿದೆ, ತೋಳಿಗೆ ಕಟ್ಟಿದರೆ ನಿಲ್ಲುವುದಿಲ್ಲ. ದೊಡ್ಡಾಸ್ಪತ್ರೆಯ ಫಾರಂನಲ್ಲಿ ನನಗೆ ಇಷ್ಟವಾದ ಪ್ರಶ್ನೆ ಒಂದೇ — ವಾರಕ್ಕೆ ಎಷ್ಟು ದಿನ ಹಣ್ಣು ತಿನ್ನುತ್ತೀರಿ? ನಮ್ಮ ಕೇರಿಯಲ್ಲಿ ಎಲ್ಲರದೂ ಏಳು. ಆಫ್ರಿಕಾದಿಂದ ಹಡಗಿನಲ್ಲಿ ಹಿಡಿದು ತಂದವರ ಕುಡಿಗಳು ನಾವು. ತಪ್ಪಿಸಿಕೊಂಡು ಕಾಡು ಸೇರಿದ ಹಿರಿಯರನ್ನು ಇಲ್ಲಿನ ಕಾಡುಮರದ ಹುಳಿಹಣ್ಣೇ ಸಾಕಿತಂತೆ, ಇವತ್ತಿಗೂ ನಾವು ತಿನ್ನುವುದು ಅದನ್ನೇ. ಕೊನೆಗೆ ಅಮ್ಮ. ಅವಳದೂ ಏಳು. ಬಿಪಿ ಮಾತ್ರ 170.

ಜೂನ್ 9
ಡಾಕ್ಟರ್ ಬಂದಿದ್ದರು. ಅಮ್ಮನ ಹೃದಯ ದೊಡ್ಡದಾಗಿದೆಯಂತೆ. ಮಾತ್ರೆ ಬರೆದುಕೊಟ್ಟರು. ಉಪ್ಪು ಬಿಡಬೇಕು, ಹಣ್ಣು ತಿನ್ನಬೇಕು.
"ನಿಮ್ಮನ್ನೆಲ್ಲ ಸಾಕಿದ ಎದೆ, ದೊಡ್ಡದಾಗದೆ ಇರುತ್ತಾ?" ಅಂದಳು ಅಮ್ಮ.
ಉಪ್ಪಿನ ಡಬ್ಬಿ ಪಕ್ಕದ ಮನೆಗೆ ದಾಟಿಸಿದೆ. ಸಪ್ಪೆ ಊಟ. ಅಮ್ಮನ ಮುಖ ಗಂಟು.

ಆಗಸ್ಟ್ 21
ಮರದಲ್ಲಿ ಹಣ್ಣು ಮುಗಿಯಿತು. ವರ್ಷಕ್ಕಾಗುವಷ್ಟು ಹಣ್ಣು ಹಾಕಿಟ್ಟ ಭರಣಿ ತೆರೆದಾಯಿತು. ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು, ಒಂದು ದಿನವೂ ತಪ್ಪಿಸುವುದಿಲ್ಲ ಮಹಾತಾಯಿ. ಫಾರಂನಲ್ಲಿ ಮತ್ತೆ ಏಳು. ಹೆಮ್ಮೆಯಿಂದ ಬರೆದೆ.

ಸೆಪ್ಟೆಂಬರ್ 2, ಮಧ್ಯಾಹ್ನ
ಕಾಲು ಊದಿದೆ. ನಾಲ್ಕು ಹೆಜ್ಜೆಗೆ ಏದುಸಿರು. ಮಾತ್ರೆ ನುಂಗದೆ ಬಿಡ್ತಿದ್ದೀಯಾ ಎಂದು ಬೈದೆ. ಎಣಿಸಿದೆ, ಲೆಕ್ಕ ಸರಿ ಇದೆ.
"ನೀನು ಹೇಳಿದ ಹಾಗೇ ಮಾಡ್ತಿದ್ದೀನಲ್ಲೇ. ಇನ್ನೆರಡು ಹಣ್ಣು ಜಾಸ್ತಿ ತಿನ್ಲಾ?"
ತಿನ್ನಮ್ಮ ಅಂದೆ. ಎರಡು ತೆಗೆದೂ ಕೊಟ್ಟೆ.

ಸೆಪ್ಟೆಂಬರ್ 19
ಅಮ್ಮ ಹೋಗಿ ಹತ್ತು ದಿನ. ಬರೆಯಲು ಕೈ ಬರಲಿಲ್ಲ.
ಡಾಕ್ಟರ್ ಮಾತಾಡಿಸಲು ಬಂದಿದ್ದರು. ಒಲೆ ಪಕ್ಕದ ಭರಣಿ ನೋಡಿದರು.
"ಇದೇನಮ್ಮ?"
"ಹಣ್ಣು, ಸರ್."
"ಯಾವುದರಲ್ಲಿ ಹಾಕಿಟ್ಟಿದ್ದೀರಿ?"
"ಉಪ್ಪುನೀರಲ್ಲಿ..."
ನನ್ನ ಬಾಯಿಂದಲೇ ಬಂತು. ನಮಗೆ ಅದು ಉಪ್ಪಲ್ಲ. ಹುಟ್ಟಿದಾಗಿನಿಂದ ಅದು ಹಣ್ಣು. ಡಬ್ಬಿ ಆಚೆ ಹಾಕಿದವಳಿಗೆ ಅದರ ಪಕ್ಕದಲ್ಲೇ ಇದ್ದ ಭರಣಿ ಕಾಣಲಿಲ್ಲ.
"ಇದೊಂದರಿಂದಲೇ ಅಂತ ಹೇಳೋಕಾಗಲ್ಲಮ್ಮ" ಅಂದರು. ಒಳ್ಳೆಯ ಮನುಷ್ಯ. ಆದರೆ ತೆಗೆದು ಕೊಟ್ಟವಳು ನಾನು.

ಅಕ್ಟೋಬರ್ 3, ಸಂಜೆ
ಮತ್ತೆ ಮನೆಮನೆ. ಹಣ್ಣಿನ ಪ್ರಶ್ನೆಯ ಕೆಳಗೆ ಪೆನ್ನಿನಲ್ಲಿ ನಾನೇ ಬರೆದುಕೊಂಡಿದ್ದೇನೆ — ಮರದ್ದೋ, ಭರಣಿಯದ್ದೋ?
ಬಡಗಿ ಮಾವನ ಬಿಪಿ 180.
"ಭರಣೀದೇ ಕಣಮ್ಮ. ನಿಮ್ಮಮ್ಮನೇ ಎರಡು ಭರಣಿ ಕೊಟ್ಟಿದ್ದು, ಒಂದು ಮುಗೀತು. ಎದೆಗೆ ಒಳ್ಳೇದಂತೆ, ನನ್ನ ಮಗಳು ಹೇಳಿದಾಳೆ, ನೀನೂ ತಿನ್ನು ಅಂದ್ಲು."
ಎಲ್ಲ ಹೇಳಿದೆ. ಚೆಲ್ಲಿಬಿಡಿ ಮಾವ ಅಂದೆ. ಅವರು ಇನ್ನೂ ತೆರೆಯದ ಭರಣಿ ತಂದು ನನ್ನ ಮಡಿಲಲ್ಲಿಟ್ಟರು. "ನನ್ನ ಕೈಲಾಗಲ್ಲ. ನೀನೇ ಚೆಲ್ಲು."
ಭರಣಿ ಹಿಡಿದು ನಮ್ಮ ಹಿತ್ತಿಲಲ್ಲಿ ಕೂತಿದ್ದೇನೆ. ಅದರ ಬಾಯಿಗೆ ಕಟ್ಟಿರುವುದು ಅಮ್ಮನ ಹಳೇ ಬಟ್ಟೆಯ ಚೂರು. ಗಂಟು ಅವಳದೇ, ಎಡಚಿಯ ಗಂಟು, ನಮಗ್ಯಾರಿಗೂ ಬರುವುದಿಲ್ಲ. ಬಿಚ್ಚಿಬಿಟ್ಟರೆ ಮತ್ತೆ ಹಾಗೆ ಕಟ್ಟುವುದಕ್ಕೆ ಅವಳಿಲ್ಲ.